ಒಂದೇ ಕೈಯಲ್ಲಿ ಮಡಚುವ ಗಾಡಿ

ಪ್ರತಿ ಸೋಮವಾರ ಪೂಜೆ ಮುಗಿಸಿ, ಮೊಮ್ಮಗಳನ್ನು ಗೋಪಾಳದಿಂದ ಭದ್ರಾವತಿಯ ಬೀಗರ ಮನೆಗೆ ಬಸ್ಸಿನಲ್ಲಿ ಕರೆದೊಯ್ಯುವವನು ನಾನೊಬ್ಬನೇ. ಹಾಗಾಗಿ ಅವಳಿಗೆ ತಳ್ಳುಗಾಡಿ ಕೊಳ್ಳಲು ಹೋದಾಗ, ಅವಳಷ್ಟೇ ತೂಕದ ಅಕ್ಕಿಚೀಲವನ್ನು ಶಲ್ಯದಲ್ಲಿ ಸುತ್ತಿ ಒಯ್ದಿದ್ದೆ. ಚೀಲವನ್ನು ಸೊಂಟದ ಮೇಲೆ ಎತ್ತಿಕೊಂಡು, ಬಲಗೈ ಒಂದರಲ್ಲೇ ಗಾಡಿಗಳನ್ನು ಮಡಚಿ ನೋಡಿದೆ. ನಾಲ್ಕು ಗಾಡಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ.

"ಮಗೂನ ಯಾರಾದ್ರೂ ಹಿಡ್ಕೊಳ್ತಾರೆ ಬಿಡಿ ಮಾರಾಯ್ರೇ," ಅಂದ ಅಂಗಡಿಯವನು.

"ಬಸ್ಸು ಹೊರಡೋ ಹೊತ್ತಿಗೆ ಯಾರನ್ನ ಹುಡುಕ್ಲಿ? ಇನ್ನೊಂದು ತೆಗೀರಿ."

ಐದನೆಯದು ಶಿವನ ದಯೆಯಿಂದ ಒಂದೇ ಕೈಗೆ ಮಡಚಿಕೊಂಡಿತು. ಅದನ್ನೇ ತಂದೆ.

ಮುಂದಿನ ಸೋಮವಾರ ಬಸ್ಸು ಬಂತು. ನಾನು ಗಾಡಿಗೆ ಕೈ ಹಾಕುವ ಮೊದಲೇ, ಬಾಗಿಲ ಬಳಿ ಕೂತಿದ್ದ ಹೆಂಗಸೊಬ್ಬರು, "ಕೊಡಿ ಯಜಮಾನ್ರೇ ಮಗೂನ," ಎಂದು ಕೈ ಚಾಚಿದರು. ಮೊಮ್ಮಗಳು ಅವರ ತೊಡೆಯ ಮೇಲೆ ನಿದ್ದೆಹೋದಳು. ಮಡಚಿದ ಗಾಡಿ ಮಾತ್ರ ಭದ್ರಾವತಿವರೆಗೂ ನನ್ನ ತೊಡೆಯ ಮೇಲಿತ್ತು.