ಮೇಷ್ಟ್ರ ಮುಖದ ಬೆದರುಬೊಂಬೆ

ಈವತ್ತು ಬೆಳಿಗ್ಗೆ ಕರಿ ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸಿದೆ. ವಾಸನೆ ಮೂಗಿಗೆ ಬಡಿದಿದ್ದೇ ತಡ, ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯ್ತು... ಕಂಕುಳಲ್ಲಿ ಛತ್ರಿ, ಜೇಬಲ್ಲಿ ಕೆಂಪು ಪೆನ್ನು. ಹಾಳಾದ ಕೆಂಪು ಪೆನ್ನು!

ಆ ಪೆನ್ನಿನ ಕಥೆ ನಡೆದಾಗ ನಾನು ಚಿಂತಾಮಣಿಯಲ್ಲಿ ಪಿಯುಸಿ ಮುಗಿಸಿದ್ದೆ. ಫೋನಿನಲ್ಲಿ ಒಂದು ಗೇಮ್ ಆಡೋ ಹುಚ್ಚು. ಅದರಲ್ಲಿ ಕುಎಬಿಕೊ ಅಂತ ಜಪಾನಿನವರ ಬುದ್ಧಿ ದೇವರು ಬರುತ್ತಿದ್ದ. ನೋಡಿದರೆ ಗದ್ದೆಯ ಬೆದರುಬೊಂಬೆ! ನಿಂತಲ್ಲಿಂದ ಒಂದು ಹೆಜ್ಜೆ ಎತ್ತಲಾರ, ಆದರೆ ಲೋಕದ್ದೆಲ್ಲ ಗೊತ್ತು. ದಾರಿ ತಪ್ಪಿದವರಿಗೆ ದಾರಿ ಹೇಳುತ್ತಿದ್ದ. ನಮ್ಮ ಟೊಮೇಟೊ ತೋಟದ ಬೊಂಬೆಯನ್ನೇ ಯಾರೋ ದೇವರು ಮಾಡಿದ ಹಾಗೆ ಅನ್ನಿಸಿ, ಅವನ ಚಿತ್ರವನ್ನೇ ಒಂದು ಡ್ರಾಯಿಂಗ್ ಪುಸ್ತಕದ ತುಂಬಾ ಬರೆದೆ. ಚಿತ್ರಕಲಾ ಕಾಲೇಜಿನ ಸೀಟಿಗೆ ಅದನ್ನೇ ತೋರಿಸಬೇಕಿತ್ತು.

ಸಂದರ್ಶನದ ಹಿಂದಿನ ದಿನ, ಮೇಷ್ಟ್ರ ಆಶೀರ್ವಾದ ತಗೊಳ್ಳೋಣ ಅಂತ ಹೋದೆನಲ್ಲ, ನನ್ನ ಬುದ್ಧಿಗಿಷ್ಟು!

"ಬುದ್ಧಿ ದೇವರನ್ನ ಹಿಂಗೆ ಬರೀತಾರೇನಮ್ಮ?" ಅಂದವರೇ ಪೆನ್ನು ತೆಗೆದರು. ನಾನು ಬೇಡ ಸಾರ್ ಅನ್ನೋದರೊಳಗೆ ಪುಟಪುಟಕ್ಕೂ ಕಿವಿ, ಕೈ, ಹುಬ್ಬು ಎಲ್ಲ ತಿದ್ದಿ ಕೊಟ್ಟರು. ಮಾರನೇ ದಿನ ಕಾಲೇಜಿನವರು ಪುಸ್ತಕ ತಿರುವಿ, "ಇದರಲ್ಲಿ ನಿನ್ನದ್ಯಾವುದಮ್ಮ?" ಅಂತ ಕೇಳಿದರು. ಸೀಟು ಹೋಯಿತು. ಬಸ್ಸಿನಲ್ಲಿ ಅಳುತ್ತಾ ಬಂದೆ. ಇಳಿಯೋ ಹೊತ್ತಿಗೆ ಅಳು ನಿಂತು ಹಲ್ಲು ಕಡಿಯುತ್ತಿದ್ದೆ.

ಮೇಷ್ಟ್ರು ದಿನಾ ಸ್ಕೂಲಿಗೆ ಹೋಗೋ ಬಸ್ಸು ಅಂಬಾಜಿದುರ್ಗದ ಕಡೆ ನಮ್ಮ ತೋಟದ ಪಕ್ಕದಲ್ಲೇ ಹೋಗುತ್ತಿತ್ತು. ತೋಟದ ಬೊಂಬೆಯ ಮಡಕೆಗೆ ಸುಣ್ಣ ಬಳಿದು, ಕರಿ ಬಣ್ಣದಲ್ಲಿ ಅವರ ಮುಖವನ್ನೇ ಬರೆದೆ. ಅದೇ ದಪ್ಪ ಮೀಸೆ, ತಂತಿ ಕನ್ನಡಕ, ಕಂಕುಳಿಗೆ ಹರಕು ಛತ್ರಿ. ರಸ್ತೆಗೆ ಮುಖ ಮಾಡಿ ನೆಟ್ಟೆ. ದಿನಾ ನೋಡಿಕೊಂಡು ಸಾಯಲಿ ಅಂತ.

ಆ ವರ್ಷ ಸುತ್ತಮುತ್ತ ಟೊಮೇಟೊಗೆ ರೋಗ ಬಿತ್ತು, ನಮ್ಮದು ಉಳಿಯಿತು. ಎಲ್ಲಾ ಆ ದೃಷ್ಟಿಬೊಂಬೆಯ ಮಹಿಮೆ ಅಂದುಬಿಟ್ಟರು ಜನ! ಅಕ್ಕಪಕ್ಕದವರು ಮಡಕೆ ಹಿಡಿದು ಬಂದರು. "ಆ ಮೊಖಮೇ ಕಾವಾಲಮ್ಮಾ", ಅದೇ ಮುಖ ಬೇಕು ಅಂತ ತೆಲುಗಿನವರೂ ಬಂದರು. ನಾನು ಬೇಡ ಅಂತೀನಾ? ರಸ್ತೆಯುದ್ದಕ್ಕೂ ಮೇಷ್ಟ್ರೇ ಮೇಷ್ಟ್ರು. ಹೊಟ್ಟೆ ತಣ್ಣಗಾಯಿತು.

ಒಂದು ದಿನ ಅವರು ಬಸ್ಸಿಳಿದು ಸೀದಾ ತೋಟದೊಳಕ್ಕೆ ಬಂದರು. ಬಯ್ಯಲಿ, ನಾನೂ ನಾಲ್ಕು ಮಾತು ಆಡೇ ಬಿಡ್ತೀನಿ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಅವರು ಮಡಕೆಯನ್ನ ತುಂಬಾ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಅದರ ಮೇಲೆ ಒಂದು ಗೆರೆ ಎಳೆದರು.

"ಎಡಗಿವಿ ಮೇಲಾಯ್ತು ಕಣಮ್ಮ. ಎಲ್ಲಾದ್ರಲ್ಲೂ ಅದೇ ತಪ್ಪು."

ಅಷ್ಟೇ. ಹೋಗಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಎಷ್ಟು ಮಡಕೆ ಬರೆದರೂ ಬೇಕಂತಲೇ ಕಿವಿಯನ್ನ ಮೇಲೆಯೇ ಬರೆದೆ...

ಹೋದ ವಾರ ಅವರ ಹೆಂಡತಿ ಬಂದಿದ್ದರು. ಮೇಷ್ಟ್ರು ತೀರಿಕೊಂಡರಂತೆ. ತಿಥಿಗೆ ಇಡೋಕೆ ಆಧಾರ್ ಕಾರ್ಡಿನದು ಬಿಟ್ಟರೆ ಬೇರೆ ಫೋಟೋ ಇಲ್ಲವಂತೆ. "ಅದರಲ್ಲಿ ಅವರು ಅವರ ಹಾಗೇ ಇಲ್ಲಮ್ಮ. ನಿನ್ನ ಬೊಂಬೇಲಿ ಇದಾರೆ. ಕಾಗದದ ಮೇಲೆ ಬರ್ಕೊಡ್ತೀಯಾ? ಬಸ್ಸಲ್ಲಿ ಹೋಗೋವಾಗೆಲ್ಲ 'ನನ್ನ ಶಿಷ್ಯೆ ಬರೆದಿರೋದು' ಅಂತ ಎಲ್ಲರಿಗೂ ತೋರಿಸ್ತಿದ್ರು."

ಥೂ! ಸೇಡನ್ನಾದರೂ ನೆಟ್ಟಗೆ ತೀರಿಸಿಕೊಳ್ಳೋಕೆ ಬಿಡಲಿಲ್ಲವಲ್ಲ, ಎಂಥ ಮನುಷ್ಯ!

ನಾನವರನ್ನ ಕ್ಷಮಿಸಿಲ್ಲ. ಆ ಸೀಟು ನನ್ನದಾಗಿತ್ತು. ಆದರೂ ಬೆಳಿಗ್ಗೆಯಿಂದ ಕೂತು ಬರೆದೆ. ಮೀಸೆ ಬಂತು, ಕನ್ನಡಕ ಬಂತು. ಹಠಕ್ಕೆ ಎಡಗಿವಿಯನ್ನ ಮೇಲೆಯೇ ಬರೆದು, ಕುಂಚ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಾ ಕೂತೆ. ಎಷ್ಟು ಹೊತ್ತಾದರೂ ತಿದ್ದೋಕೆ ಯಾರೂ ಬರಲಿಲ್ಲ... ಕೊನೆಗೆ ಎದ್ದು ಹೋಗಿ ಕೆಂಪು ಪೆನ್ನು ಹುಡುಕಿ ತಂದೆ.