ಚನ್ನಮ್ಮನ ಜೋಡುನಳಿಗೆ ಬಂದೂಕು

ಕಲ್ಕತ್ತೆಯ ಡಮ್ ಡಮ್ ಸ್ಟೇಷನ್ನಿನಿಂದ ಒಳಕ್ಕೆ ನಡೆದರೆ ಕೊಳದ ದಂಡೆಗೊಂದು ಓಣಿ, ಓಣಿಯ ಕೊನೆಗೊಂದು ಮೂರಂತಸ್ತಿನ ಮನೆ. ಅದರ ನಡುವಿನ ಅಂತಸ್ತಿನಲ್ಲಿ ಚನ್ನಮ್ಮನ ಎರಡು ಕೋಣೆ. ಒಳಕೋಣೆಯ ಕಪಾಟಿನಲ್ಲಿ, ಇಳಕಲ್ ಸೀರೆಗಳ ಹಿಂದೆ, ಜೋಡುನಳಿಗೆಯ ಬಂದೂಕೊಂದು ಮೂಲೆಗೆ ಒರಗಿ ನಿಂತಿರುತ್ತಿತ್ತು.

ಅದು ಗಂಡ ವೀರಭದ್ರಪ್ಪನದು. ಭೂಮಿಗೆ ತೂತು ಕೊರೆದು ಕೆಳಗೆ ಕಲ್ಲಿದ್ದಲು ಇದೆಯೋ ಬರೀ ಕಲ್ಲಿದೆಯೋ ಎಂದು ನೋಡುವ ಸರ್ಕಾರಿ ಇಲಾಖೆಯಲ್ಲಿ ಆತ ಮೆಕ್ಯಾನಿಕ್. ಕಚೇರಿ ಕಲ್ಕತ್ತೆಯಲ್ಲಿ, ಕೆಲಸ ಮಾತ್ರ ಕಾಡಿನಂಚಿನ ಡೇರೆಗಳಲ್ಲಿ. ಉತ್ತರ ಬಂಗಾಳದ ಚಹಾ ತೋಟದ ಮ್ಯಾನೇಜರನೊಬ್ಬ ಊರು ಬಿಡುವಾಗ ಕೊಟ್ಟುಹೋದ ಬಂದೂಕಿಗೆ ತನ್ನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡಿದ್ದ. ಮಕ್ಕಳಾಗಲಿಲ್ಲ. ಹಾಗಾಗಿ ಶಾಲೆಯ ಚಿಂತೆಯಿಲ್ಲ, ಡೇರೆ ಎಲ್ಲಿಗೆ ಹೋದರೆ ಚನ್ನಮ್ಮನೂ ಅಲ್ಲಿಗೆ. ಹಾಸಿಗೆ, ರೊಟ್ಟಿ ಬಡಿಯುವ ಕಲ್ಲು, ಬಂದೂಕು, ಇಷ್ಟೇ ಅವರ ಸಂಸಾರ ಎಂದು ಕ್ಯಾಂಪಿನವರು ನಗುತ್ತಿದ್ದರು.

ನಿವೃತ್ತಿಯಾದ ಮೇಲೆ ಧಾರವಾಡಕ್ಕೆ ಹೋಗೋಣ ಅಂದುಕೊಂಡೇ ಇಲ್ಲಿ ಉಳಿದರು. ಆಮೇಲೆ ಒಂದು ಚಳಿಗಾಲದಲ್ಲಿ ವೀರಭದ್ರಪ್ಪ ಹೋಗಿಬಿಟ್ಟ.

ಎರಡು ಸಾವಿರದ ಆರರ ಚುನಾವಣೆ ಹತ್ತಿರ ಬಂತು. ಚುನಾವಣೆಯೆಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು ತರಬೇಕು. ಅದನ್ನು ಹೇಳಿಹೋಗಲು ಬಂದ ಪೊಲೀಸಿನವನು ಗೋಡೆಯ ಮೇಲಿನ ಫೋಟೋ ನೋಡಿದ, ಫೋಟೋದ ಹಾರ ನೋಡಿದ, ಟೋಪಿ ತೆಗೆದ, ಬಂಗಾಳಿಯಲ್ಲಿ ಚಿಕ್ಕಮ್ಮ ಎಂದು ಕರೆದು ಮಾತು ಶುರುಮಾಡಿದ.

"ಮಾಶಿಮಾ, ಯಜಮಾನರು ಹೋದಮೇಲೆ ಅವರ ಲೈಸೆನ್ಸೂ ಹೋದ ಹಾಗೇನೇ. ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವಾದರೆ ಬಂದೂಕಿನಂಗಡಿಗೆ ಕೊಟ್ಟುಬಿಡಿ. ಸುಮ್ಮನೆ ಇಟ್ಟುಕೊಂಡರೆ ಕೇಸಾಗುತ್ತೆ."

ಆವತ್ತಿನಿಂದ ಚನ್ನಮ್ಮನಿಗೆ ಊಟ ರುಚಿಸಲಿಲ್ಲ. ಗಂಡನ ಅಂಗಿಗಳನ್ನು ಕೊಟ್ಟಿದ್ದಳು, ಚಪ್ಪಲಿ ಕೊಟ್ಟಿದ್ದಳು, ಕನ್ನಡಕವನ್ನು ಕಣ್ಣಿನ ಆಸ್ಪತ್ರೆಯ ಡಬ್ಬಿಗೆ ಹಾಕಿ ಬಂದಿದ್ದಳು. ಬಂದೂಕು ಮಾತ್ರ ಕೊಡಲಾರಳು. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ನಾಚಿಕೆಯಾಗುತ್ತಿತ್ತು. ಕೇಳುವವರೂ ಇರಲಿಲ್ಲವೆನ್ನಿ.

ಕೆಳಗಿನ ಮನೆಯ ಪುರುಷೋತ್ತಮರಾಯರು ಒಬ್ಬರಿದ್ದರು, ಮೈಸೂರಿನವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಆ ಮನೆಯಲ್ಲಿ ಕನ್ನಡ ಕೇಳುತ್ತಿದ್ದದ್ದು ಅವರ ಬಾಯಿಂದಷ್ಟೇ. ಅವರೂ ಪ್ರಮೋಟರನಿಗೆ ಮನೆ ಕೊಟ್ಟು, ಸಾಮಾನು ಕಟ್ಟಿಕೊಂಡು, ಮೈಸೂರಿಗೆ ಹೊರಡುವುದರಲ್ಲಿದ್ದರು. ಪ್ರಮೋಟರ್ ಅಂದರೆ ಹಳೆಯ ಮನೆ ಕೆಡವಿ ಫ್ಲಾಟು ಕಟ್ಟುವವನು. ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಹಿಂದೊಂದು ಬಾಗಿಲು ತೆರೆದ ಮೇಲೆ ಓಣಿಗೊಬ್ಬ ಪ್ರಮೋಟರ್ ಹುಟ್ಟಿದ್ದ.

ಭಾನುವಾರ ಮಧ್ಯಾಹ್ನ ರಾಯರ ಮನೆಯಲ್ಲಿ ಟಿವಿ ಸಿನಿಮಾ. ಸಾಮಾನಿನ ಪೆಟ್ಟಿಗೆಗಳ ನಡುವೆಯೇ ಇಬ್ಬರೂ ಕೂತು ನೋಡುತ್ತಿದ್ದರು. ರೇಷ್ಮೆ ಸೀರೆಯ ನಾಯಕಿ ಮೆಟ್ಟಿಲಿಳಿಯುತ್ತ ಒಂದೇ ಕೈಯಲ್ಲಿ ಬಂದೂಕು ಹಿಡಿದು ಢಂ ಢಂ ಎನ್ನಿಸಿದಳು. ಕಣ್ಣು ಮಿಟುಕಿಸಲಿಲ್ಲ, ಸೆರಗು ಜಾರಲಿಲ್ಲ. ನಾಲ್ಕು ಮಂದಿ ಉರುಳಿದರು. ಮರುಕ್ಷಣ ಆಕೆ ಮೆಲ್ಲಗೆ ಏನೋ ಅಂದಳು, ನಾಯಕನಿಗೆ ಕೇಳಿಸಿತು ಕೂಡ.

"ನೋಡಿದ್ರಾ ಚನ್ನಮ್ಮನೋರೇ, ಒಂದೇ ಕೈಲಿ!"

"ಆಕಿ ಹಿಂದ ಯಾರ ನಿಂತಾರ್ರೀ?"

"ಹಿಂದೆ ಯಾರೂ ಇಲ್ವಲ್ಲಮ್ಮ."

"ಇರ್ತಾರ್ರೀ. ಸಿನಿಮಾದಾಗ ತೋರ್ಸಂಗಿಲ್ಲ ಅಷ್ಟ."

ರಾಯರು ನಕ್ಕು, ಆಮೇಲೆ ದನಿ ತಗ್ಗಿಸಿದರು. "ಲೈಸೆನ್ಸ್ ಆಫೀಸಲ್ಲಿ ಹಿಂಗೆಲ್ಲ ಮಾತಾಡ್ಬೇಡಿ. ಪ್ರಾಣಭಯ ಇದೆ ಅನ್ನಿ. ಇಲ್ದಿದ್ರೆ ಕೊಡಲ್ಲ ಅವ್ರು. ಪ್ರಮೋಟರ್ ಗೂಂಡಾಗಳನ್ನ ಕಳಿಸ್ತಾನೆ, ಮನೆ ಬಿಡು ಅಂತ ಹೆದರಿಸ್ತಾನೆ ಅಂತ ಹೇಳಿ. ಈ ಊರಲ್ಲಿ ಅದನ್ನ ಯಾರು ಬೇಕಾದ್ರೂ ನಂಬ್ತಾರೆ."

"ಅಯ್ಯ, ಆ ಪ್ರಮೋಟರ್ ಹುಡುಗ ಬಂದಾಗೆಲ್ಲ ಚಹಾ ಕುಡದು, ಮೊಣಕಾಲು ಹ್ಯಾಂಗದ ಅಂತ ಕೇಳಿ ಹೋಗ್ತಾನ್ರೀ. ನನ್ನ ಬಾಗಲಾ ಬಡಿಯಾಂವ ಅಂದ್ರ ಅವನೊಬ್ಬನ. ಅವನ ಮ್ಯಾಲೆ ಹ್ಯಾಂಗ ಹೇಳ್ಲಿ?"

"ಹಾಗಾದ್ರೆ ಬಂದೂಕು ಬಿಡಿ" ಅಂದರು ರಾಯರು, ಸ್ವಲ್ಪ ಬೇಸರದಿಂದಲೇ.

ಮೇಲೆ ಬಂದು ಕಪಾಟು ತೆಗೆದು ಚನ್ನಮ್ಮ ಮಂಚದ ಮೇಲೆ ಕೂತಳು. ಎಣ್ಣೆಯ ವಾಸನೆ, ಕಬ್ಬಿಣದ ವಾಸನೆ, ಅದರ ಹಿಂದಿನಿಂದ ಆ ಒಂದು ಮಧ್ಯಾಹ್ನ ಎದ್ದು ಬಂತು.

ಅದು ಕಾಡಿನಂಚಿನ ಕ್ಯಾಂಪು. ಹಿಂದಿನ ವಾರ ಆನೆಯೊಂದು ಬಂದು ಅಡಿಗೆ ಡೇರೆಯ ಅಕ್ಕಿ ಮೂಟೆ ಹರಿದು ಹಾಕಿತ್ತು. ಆವತ್ತು ವೀರಭದ್ರಪ್ಪ ಬಂದೂಕು ಹಿಡಿದು ಹೊರಗೆ ಓಡಿದ್ದು ನಿಜ. ಆದರೆ ಮಳೆಗಾಲದ ತೇವಕ್ಕೆ ತೋಟಾಗಳು ಉಬ್ಬಿಕೊಂಡು ನಳಿಗೆಯೊಳಕ್ಕೆ ಇಳಿಯಲೇ ಇಲ್ಲ. ಆತ ತೋಟಾವನ್ನು ಪಂಚೆಗೆ ಉಜ್ಜುತ್ತ ನಿಂತಿರುವಾಗ ಆನೆ ತಿಂದು ಮುಗಿಸಿ ತಾನಾಗಿ ಹೋಯಿತು. ಕ್ಯಾಂಪಿನವರು ಈ ಕಥೆ ಹೇಳಿ ಹೇಳಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ವೀರಭದ್ರಪ್ಪನೇ.

ಆಮೇಲೆ ಬಿಸಿಲು ಬಿದ್ದ ದಿನ, ಒಣಗಿದ ತೋಟಾ ಹಿಡಿದು ಹೆಂಡತಿಯನ್ನು ಕರೆದ.

"ಏ ಚನ್ನೀ, ಬಾ ಇಲ್ಲೆ. ಕಲ್ತ ಇಟ್ಕೋ. ನಾ ಇಲ್ಲದಾಗ ಆನಿ ಬಂದ್ರ ಏನ ಮಾಡ್ತೀ, ರೊಟ್ಟಿ ಕೊಡ್ತೀಯೇನ?"

"ರೊಟ್ಟಿ ಕೊಟ್ರ ತಿಂದು ಹೋಗ್ತದ. ಗುಂಡ ಹೊಡದ್ರ ಸಿಟ್ಟಿಗೇಳ್ತದ."

"ಶಾಣ್ಯಾ ಇದ್ದೀ. ಹಿಡಿ."

ಹಿಡಿದಳು. ಅಷ್ಟು ಭಾರವಿರುತ್ತದೆಂದು ಯಾರಿಗೆ ಗೊತ್ತು! ತುದಿ ನೆಲದ ಕಡೆಗೆ ವಾಲಿತು. ದೂರದ ಮೋಟು ಮರದ ಮೇಲೆ ಒಡಕು ಮಡಕೆಯಿಟ್ಟಿದ್ದರು. ಕೊರೆಯುವ ಯಂತ್ರದ ಆಳುಗಳು, ಅಡಿಗೆಯವನು, ಎಲ್ಲರೂ ಸಾಲಾಗಿ ನಿಂತು ನೋಡುತ್ತಿದ್ದರು. ಆ ಎಲ್ಲರ ಎದುರು ವೀರಭದ್ರಪ್ಪ ಬಂದು ಅವಳ ಬೆನ್ನಿಗೆ ತನ್ನ ಎದೆ ಹಚ್ಚಿ ನಿಂತ. ಅವಳ ಕೈಗಳ ಕೆಳಗೆ ತನ್ನ ಕೈಗಳನ್ನು ಕೊಟ್ಟ.

"ಭುಜಕ್ಕ ಅಗದೀ ಬಿಗಿ ಒತ್ತು. ಸಡ್ಲ ಬಿಟ್ಟಿ ಅಂದ್ರ ಅದು ನಿನ್ನ ಒದೀತೈತಿ. ಅಂಜಬ್ಯಾಡ, ಹಿಂದ ನಾ ಇದ್ದೇನಿ, ನನ್ನ ಮ್ಯಾಲೆ ಭಾರ ಬಿಡು."

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ನಾಲ್ಕು ಜನರೆದುರು ಆತ ಅವಳ ಕೈ ಹಿಡಿದವನಲ್ಲ. ಸಂತೆಯಲ್ಲೂ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ. ಹಾಡುಹಗಲಲ್ಲಿ ಬೆನ್ನಿಗೆ ಆ ಮನುಷ್ಯನ ಎದೆ, ಕಿವಿಯ ಹತ್ತಿರ ಉಸಿರು. ಮಡಕೆ ಎಲ್ಲಿ ಕಂಡೀತು? ಚನ್ನಮ್ಮ ಕಣ್ಣು ಮುಚ್ಚಿ ಕುದುರೆ ಎಳೆದಳು. ಬೆರಳಿನಿಂದ ಎಳೆಯುವ ಕೊಕ್ಕೆಗೆ ಆತ ಹಾಗೆಯೇ ಅನ್ನುತ್ತಿದ್ದದ್ದು.

ಸಿಡಿಲು ಮೈಯೊಳಗೇ ಬಿದ್ದ ಹಾಗಾಯಿತು. ಹೋರಿ ಗುದ್ದಿದಂತೆ ಭುಜಕ್ಕೆ ಪೆಟ್ಟು. ಇಬ್ಬರೂ ಒಂದು ಹೆಜ್ಜೆ ಹಿಂದಕ್ಕೆ ಹೋದರು, ಬೀಳಲಿಲ್ಲ. ಮೂಗಿಗೆ ಸುಟ್ಟ ವಾಸನೆ, ಕಿವಿಯಲ್ಲಿ ಗುಂಯ್ ಎಂಬ ಒಂದೇ ನಾದ. ಎದುರಿಗೆ ಆಳುಗಳ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ನಗು ಕೇಳುತ್ತಿರಲಿಲ್ಲ. ಮಡಕೆ ಇದ್ದಲ್ಲೇ ಇತ್ತು. ವೀರಭದ್ರಪ್ಪ ಏನೋ ಅಂದ. ಏನೆಂದು ಅವಳಿಗೆ ತಿಳಿಯಲಿಲ್ಲ, ಆಮೇಲೆ ಕೇಳಿದರೆ "ಏನೂ ಅಂದಿಲ್ಲ ಬಿಡ" ಅಂದ. ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆತ ಉಪ್ಪಿನ ಗಂಟು ಬಿಸಿ ಮಾಡಿ ಒತ್ತಿದ. ಆ ಕಲೆ ಹಳದಿಯಾಗಿ ಮಾಸಿಹೋಗುವಾಗ ಅವಳಿಗೆ ಒಳಗೊಳಗೇ ಬೇಸರವಾಗಿತ್ತು.

ಅದೇ ಮೊದಲು, ಅದೇ ಕೊನೆ.

ಲೈಸೆನ್ಸ್ ಕಚೇರಿ ಬಿಬಿಡಿ ಬಾಗ್ ಹತ್ತಿರ. ಚನ್ನಮ್ಮ ಬಂದೂಕನ್ನು ಮಂಚದ ಚಾದರದಲ್ಲಿ ಸುತ್ತಿ, ಸೀರೆಯ ಅಂಚಿನಿಂದ ಕಟ್ಟಿ, ಹಳದಿ ಟ್ಯಾಕ್ಸಿಯಲ್ಲಿ ಮಡಿಲಿಗೆ ಅಡ್ಡ ಇಟ್ಟುಕೊಂಡು ಹೋದಳು. ಯಾರೂ ತಾ ಎಂದಿರಲಿಲ್ಲ. ಬಂದೂಕಿಗೆ ಲೈಸೆನ್ಸ್ ಕೊಡುವವರು ಬಂದೂಕನ್ನು ನೋಡಬೇಡವೇ ಎಂಬುದು ಅವಳ ಲೆಕ್ಕ.

ಬಾಗಿಲಲ್ಲಿ ಕಾನ್‌ಸ್ಟೇಬಲ್ ತಡೆದ. "ಏನು ಮಾಶಿಮಾ, ಪರದೆಯ ಕೋಲೇ?"

"ಬಂದೂಕು."

ಆತ ಹೊಟ್ಟೆ ಹಿಡಿದು ನಕ್ಕ. "ಡಕಾಯಿತಿಗೆ ಹೊರಟಿರಾ? ಗ್ಯಾಂಗೆಲ್ಲಿ?" ಅನ್ನುತ್ತ ಚಾದರದ ತುದಿ ಎತ್ತಿ ನೋಡಿದವನ ನಗು ನಿಂತುಹೋಯಿತು. ಸಾಲಿನಲ್ಲಿದ್ದವರು ಸರಿದು ಜಾಗ ಬಿಟ್ಟರು. ಚನ್ನಮ್ಮ ಕಾಯಬೇಕಾಗಲೇ ಇಲ್ಲ.

ಅಧಿಕಾರಿ ನಡುವಯಸ್ಸಿನವನು. ಬಂದೂಕನ್ನು ನಡು ಮುರಿದು ಬಿಚ್ಚಿ, ಖಾಲಿಯೆಂದು ಖಾತ್ರಿ ಮಾಡಿಕೊಂಡು, ಆಮೇಲೇ ಉಸಿರು ಬಿಟ್ಟ. ಆಕೆಯ ಅರ್ಧ ಹಿಂದಿ ಅರ್ಧ ಬಂಗಾಳಿಯನ್ನು ತಾಳ್ಮೆಯಿಂದ ಕೇಳಿದ.

"ನಿಮಗೆ ಹಿಡಿಯಲು ಬರುತ್ತದೆಯೇ?"

"ಬರುತ್ತದೆ."

"ತೋರಿಸಿ ನೋಡೋಣ."

ಚನ್ನಮ್ಮ ಎದ್ದು ನಿಂತಳು. ಹಿಂಬದಿಯ ಕಟ್ಟಿಗೆಯನ್ನು ಭುಜಕ್ಕೆ ಒತ್ತಿದಳು, ಎಡಗೈಯಿಂದ ನಳಿಗೆ ಎತ್ತಿದಳು. ಕಲಿತದ್ದೊಂದೂ ಮರೆತಿರಲಿಲ್ಲ. ಕಲಿಸಿದ ಹಾಗೆಯೇ ಮೈಯ ಭಾರವನ್ನು ಹಿಂದಕ್ಕೆ ಬಿಟ್ಟಳು. ಬಿಟ್ಟಳು, ಬಿಡುತ್ತಲೇ ಹೋದಳು, ತಡೆಯುವುದೇನೂ ಸಿಗಲಿಲ್ಲ. ಕಾನ್‌ಸ್ಟೇಬಲ್ ಓಡಿಬಂದು ಹಿಡಿಯದಿದ್ದರೆ ಕಡತದ ಕಪಾಟಿಗೆ ತಲೆ ಹೊಡೆಯುತ್ತಿತ್ತು.

"ಹಿಂದಕ್ಕೆ ಯಾಕೆ ವಾಲಿದಿರಿ? ಬಂದೂಕು ಹಿಡಿದವರು ಮುಂದಕ್ಕೆ ಬಾಗಬೇಕು, ಮಾಶಿಮಾ."

"ನನಗೆ ಹೀಗೇ ಹೇಳಿಕೊಟ್ಟದ್ದು" ಅಂದಳು.

ಅಧಿಕಾರಿ ನೀರು ತರಿಸಿಕೊಟ್ಟು, ಅರ್ಜಿ ಎಳೆದುಕೊಂಡ. "ಇರಲಿ. ನಿಮಗೆ ಯಾರಿಂದ ಪ್ರಾಣಭಯ? ಹೆಸರು ಹೇಳಿ."

ರಾಯರು ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಬೇರೆ ಯಾರಾದರೂ ಇದ್ದಾರೆಯೇ ಎಂದು ಚನ್ನಮ್ಮ ನಿಜವಾಗಿಯೂ ಹುಡುಕಿದಳು. ಮೇಲಿನ ಅಂತಸ್ತಿನ ಹುಡುಗರು ಕಂಪ್ಯೂಟರ್ ಕಂಪನಿಯವರು, ಸಂಜೆ ಜೀಪಿನಲ್ಲಿ ಹೋಗಿ ಬೆಳಿಗ್ಗೆ ಬರುತ್ತಾರೆ. ಅವರ ಬೂಟುಗಳ ಪರಿಚಯವಿದೆ, ಮುಖದ್ದಿಲ್ಲ. ಹಾಲಿನವನು ಬಾಗಿಲಿನ ಚೀಲದಲ್ಲಿ ಪಾಕೀಟು ಇಟ್ಟು ಹೋಗುತ್ತಾನೆ. ಮೀನಿನವನು ಓಣಿಯ ಎಲ್ಲ ಮನೆಯೆದುರು ಕೂಗಿ, ಇವಳು ತಿನ್ನುವುದಿಲ್ಲವೆಂದು ಇವಳ ಕಿಟಕಿಯ ಕೆಳಗೆ ಸುಮ್ಮನಾಗುತ್ತಾನೆ. ಊರಲ್ಲಿ ಮೈದುನನೊಬ್ಬ ಹೊಲದ ಸಲುವಾಗಿ ಜಗಳ ಕಾದಿದ್ದ, ಈಗ ಅವನಿಂದ ಬೈಗುಳವೂ ಬರುವುದಿಲ್ಲ. ಕೊಲ್ಲುವಷ್ಟು ಸಿಟ್ಟು ಬರಬೇಕಾದರೆ ಮೊದಲು ಚನ್ನಮ್ಮ ಎಂಬವಳೊಬ್ಬಳು ಇದ್ದಾಳೆಂದಾದರೂ ಗೊತ್ತಿರಬೇಕು. ಇಷ್ಟು ದೊಡ್ಡ ಊರಿನಲ್ಲಿ ಅಂಥವರೊಬ್ಬರೂ ಸಿಗಲಿಲ್ಲ.

"ಯಾರೂ ಇಲ್ಲ" ಅಂದಳು.

"ಯಾರೂ?"

"ಒಬ್ಬರೂ ಇಲ್ಲಪ್ಪ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಮತ್ತೆ ಬಂದೂಕು ಯಾಕೆ ಬೇಕು?"

"ಕಪಾಟು ಖಾಲಿಯಾಗುತ್ತದೆ" ಅಂದಳು.

"ಅದನ್ನು ಬರೆಯಲು ಇದರಲ್ಲಿ ಜಾಗವಿಲ್ಲವಲ್ಲ" ಅಂದ ಆತ, ನಗದೆ. ಆಮೇಲೆ ಬಾಗಿಲ ಕಡೆಗೊಮ್ಮೆ ನೋಡಿ, "ಒಂಟಿ ಹೆಂಗಸು, ಕಳ್ಳರ ಭಯ ಅಂತ ಬರೆದುಬಿಡುತ್ತೇನೆ. ಹೂಂ ಅನ್ನಿ, ಸಾಕು. ಆಗದು ಎಂದೇನೂ ಇಲ್ಲ."

ಹೂಂ ಅಂದಿದ್ದರೆ ಬಂದೂಕು ಮನೆಗೆ ಬರುತ್ತಿತ್ತು. ಚನ್ನಮ್ಮನಿಗೆ ಅದು ಗೊತ್ತಿತ್ತು. ಆದರೆ ಈಗಷ್ಟೇ ಅದನ್ನು ಎತ್ತಿ ಹಿಡಿದು, ಹಿಂದೆ ಏನೂ ಇಲ್ಲವೆಂಬುದನ್ನು ಬೆನ್ನಿನಿಂದಲೇ ನೋಡಿದ್ದಳು. ಮನೆಗೆ ಒಯ್ದರೆ ದಿನವೂ ಎತ್ತಿ ನೋಡುತ್ತಾಳೆ, ದಿನವೂ ವಾಲುತ್ತಾಳೆ. ಅದೂ ಅಲ್ಲದೆ, ಆ ಮಧ್ಯಾಹ್ನವನ್ನು ಕಳ್ಳರ ಹೆಸರಿಗೆ ಬರೆಸುವುದು ಮನಸ್ಸಿಗೆ ಬರಲಿಲ್ಲ.

"ಬೇಡ" ಅಂದಳು. "ಅಂಗಡಿ ಎಲ್ಲಿದೆ ಹೇಳಿ."

ಬಂದೂಕಿನಂಗಡಿ ಅಲ್ಲೇ ಹಿಂದಿನ ರಸ್ತೆಯಲ್ಲಿತ್ತು. ಕಾನ್‌ಸ್ಟೇಬಲ್ ಜೊತೆಗೆ ಬಂದು ಬಿಟ್ಟುಹೋದ. ಮಾಲೀಕ ಹಾಜ್ರಾಬಾಬು ದಪ್ಪ ಕನ್ನಡಕದ ಮುದುಕ. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ಒಳಗೆ ನೋಡಿದ.

"ಚೆನ್ನಾಗಿ ಇಟ್ಟಿದ್ದೀರಿ. ಆದರೆ ಈಗ ಇದನ್ನು ಕೊಳ್ಳುವವರು ಕಡಿಮೆ, ಅಮ್ಮ. ಬರುವವರೆಲ್ಲ ಸಿನಿಮಾದಲ್ಲಿರುವಂಥ ಸಣ್ಣದು ಕೊಡಿ ಅನ್ನುತ್ತಾರೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥದ್ದು. ಇದನ್ನು ಹಿಡಿದು ತೋರಿಸಿದರೆ, ಇಷ್ಟು ಭಾರವೇ ಅಂತ ವಾಪಸು ಕೊಟ್ಟು ಹೋಗುತ್ತಾರೆ."

"ಭಾರವೇ" ಅಂದಳು ಚನ್ನಮ್ಮ.

ಗೋಡೆಯುದ್ದಕ್ಕೂ ಸರಪಳಿ ಹಾಕಿದ ಬಂದೂಕುಗಳ ಸಾಲು. ಆತ ಒಂದು ಕಡೆ ಜಾಗ ಮಾಡಿ ಇದನ್ನೂ ನಿಲ್ಲಿಸಿ, ಕೊರಳಿಗೆ ದಾರದ ಚೀಟಿ ಕಟ್ಟಿದ. ಚಾದರವನ್ನು ಮಡಚಿ ಆಕೆಯ ಕೈಗೆ ಕೊಟ್ಟ. ಅದು ಎಷ್ಟು ಹಗುರವಾಗಿತ್ತೆಂದರೆ ಚನ್ನಮ್ಮನಿಗೆ ತನ್ನ ಕೈಗಳೇ ಮೇಲೆ ಹೋಗುತ್ತಿವೆ ಅನ್ನಿಸಿತು.

"ಯಾರಾದರೂ ಕೇಳಿಕೊಂಡು ಬಂದರೆ ನಿಮಗೆ ತಿಳಿಸುತ್ತೇನೆ. ಫೋನ್ ಇದೆಯೇ? ನಂಬರು ಹೇಳಿ."

ಫೋನ್ ಇತ್ತು. ಕಿಟಕಿಯ ಹತ್ತಿರ, ಕಸೂತಿಯ ಬಟ್ಟೆ ಹೊದೆದು ಕೂತಿತ್ತು. ನಂಬರು ಮಾತ್ರ ನೆನಪಿಗೆ ಬರಲಿಲ್ಲ. ಮೊದಲು ಎರಡು, ಆಮೇಲೆ ಐದು... ಎಲ್ಲರಿಗೂ ಕೊಡುತ್ತಿದ್ದವನು ಗಂಡ. ಅವಳು ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿದ್ದೇ ಇಲ್ಲ, ಯಾರೂ ಕೇಳಿದ್ದಿಲ್ಲ. ಬೆರಳುಗಳಲ್ಲಿ ಏನೋ ಎಣಿಸುತ್ತ, ತುಟಿ ಅಲ್ಲಾಡಿಸುತ್ತ, ಅಂಗಡಿಯ ನಡುವೆ ನಿಂತೇ ಇದ್ದಳು.

ಹಾಜ್ರಾಬಾಬು ಮುಖ ಎತ್ತಿ ನೋಡಿ, ಗಿರಾಕಿಗಳ ಸ್ಟೂಲನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ.

"ಅವಸರವೇನಿಲ್ಲ. ಕೂತುಕೊಂಡು ನೆನಪು ಮಾಡಿಕೊಳ್ಳಿ" ಅಂದು, ಎದುರಿನ ಚಹಾದವನಿಗೆ ಎರಡು ಬೆರಳು ತೋರಿಸಿದ.

ಚನ್ನಮ್ಮ ಚಾದರವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.