ಬಲಗಡೆಯ ಸ್ಪೀಕರಿನ ಒಲಿಂಡಾ

ಒಲಿಂಡಾ ಕಳೆದ ಮಂಗಳವಾರ ಬೆಳಿಗ್ಗೆ ಶಕ್ತಿನಗರದ ತನ್ನ ಮನೆಯಲ್ಲಿ ತೀರಿಕೊಂಡಳು. ಅರವತ್ತೊಂದು ವರ್ಷ. ಉಬ್ಬಸ. ಬುಧವಾರ ಸಂಜೆ ಮಣ್ಣು ಮಾಡಿದರು.

ಅವಳ ಹಾಡಿಗೆ ಗಿಟಾರು ಬಾರಿಸುತ್ತಿದ್ದ ಸರ್ವೋತ್ತಮ ಬಂದಿದ್ದ. ಇಗರ್ಜಿಯ ಎರಡನೇ ಬೆಂಚಿನಲ್ಲಿ ಕೂತು ಅತ್ತ. ಆ ಅಳು ಸುಳ್ಳೆಂದು ನಾನು ಹೇಳಲಾರೆ. ಆದರೆ ಪೆಟ್ಟಿಗೆಗೆ ಹೆಗಲು ಕೊಡಲು ಅವನು ಎದ್ದಾಗ ನಾನು ಅಡ್ಡ ನಿಂತೆ. ಯಾಕೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ತಿಳಿಯಲೆಂದು ಇದನ್ನು ಬರೆಯುತ್ತಿದ್ದೇನೆ.

ಟೆಲಿಫೋನ್ ಎಕ್ಸ್‌ಚೇಂಜಿನ ಟ್ರಂಕ್ ಬೋರ್ಡಿನ ಮುಂದೆ ನಾವಿಬ್ಬರೂ ಇಪ್ಪತ್ತಾರು ವರ್ಷ ಅಕ್ಕಪಕ್ಕ ಕೂತವರು. ಮಂಗಳೂರಿನಿಂದ ಬೊಂಬಾಯಿಗೆ ಮಾತಾಡಬೇಕಾದವರು ಮೊದಲು ಒಲಿಂಡಾಳ ಜೊತೆ ಮಾತಾಡಬೇಕಿತ್ತು. ಊರಿನ ಅರ್ಧ ಜನ ಅವಳ ಸ್ವರ ಕೇಳಿದ್ದಾರೆ. ಅದು ಯಾರದೆಂದು ಯಾರೂ ವಿಚಾರಿಸಿದವರಲ್ಲ. ಊರಿನ ಮದುವೆಗಳಲ್ಲಿ ಅವಳು ಬ್ಯಾಂಡಿನ ಜೊತೆ ಹಾಡುತ್ತಿದ್ದಳು. ಮದುಮಕ್ಕಳ ಕುಣಿತ ಮುಗಿದು ಜನ ಊಟಕ್ಕೆ ನುಗ್ಗಿದ ಮೇಲೆ ಬ್ಯಾಂಡಿನವರೂ ತಟ್ಟೆ ಹಿಡಿಯುತ್ತಿದ್ದರು. ಆಗ ಸ್ಟೇಜಿನಲ್ಲಿ ಉಳಿಯುತ್ತಿದ್ದದ್ದು ಒಲಿಂಡಾ ಮತ್ತು ಗಿಟಾರಿನ ಸರ್ವೋತ್ತಮ. ಅವಳು ತನಗೆ ಬೇಕಾದದ್ದನ್ನು ಹಾಡುತ್ತಿದ್ದದ್ದು ಆಗಲೇ.

ಅವಳಿಗೆ ಬೇಕಾದದ್ದು ಅಮೆರಿಕದ ಕಪ್ಪು ಜನರ ಬ್ಲೂಸ್ ಮತ್ತು ಸೋಲ್ ಹಾಡುಗಳು. ಹಡಗಿನಲ್ಲಿ ಅಡುಗೆಯವನಾಗಿದ್ದ ಅವಳ ತಮ್ಮ ರಜೆಗೆ ಬರುವಾಗೆಲ್ಲ ರೆಕಾರ್ಡುಗಳನ್ನು ತರುತ್ತಿದ್ದ. ಅವಳು ಕೇಳಿಕೇಳಿಯೇ ಕಲಿತಳು. ಒಂದು ರೆಕಾರ್ಡಿನಲ್ಲಿ ಗೀರು ಬಿದ್ದು ಮುಳ್ಳು ಹಾರುತ್ತಿತ್ತು; ಆ ಕಡೆ ಹಾಡಿನಿಂದ ಅರ್ಧ ಸಾಲು ಮಾಯ. ಒಲಿಂಡಾ ಹಾಡನ್ನು ಹಾಗೆಯೇ ಕಲಿತಳು, ಸರ್ವೋತ್ತಮನೂ ಗಿಟಾರನ್ನು ಹಾಗೆಯೇ ಹಾರಿಸಲು ಕಲಿತ. ಪೂರ್ತಿ ಹಾಡು ಇನ್ನೊಂದು ಕಡೆ ಕೇಳಿದ ಮೇಲೂ ಅವಳು ತಿದ್ದಿಕೊಳ್ಳಲಿಲ್ಲ. "ನನ್ನ ಹಾಡಿನಲ್ಲಿ ಹೊಂಡ ಉಂಟು. ನಾನು ಹಾರ್ತೇನೆ. ನಿಂಗೆಂತ ನೋವು?" ಅಂದಿದ್ದಳು.

೧೯೮೪ರಲ್ಲಿ ನಿವೃತ್ತಳಾದಾಗ ಅವಳಿಗೆ ಇದ್ದ ಆಸೆ ಒಂದೇ. "ಶಶಿ, ಇಷ್ಟು ವರ್ಷ ಹಾಡಿದ್ದೆಲ್ಲ ಗಾಳಿಗೆ ಹೋಯ್ತು. ನಾನು ಹೋಗುವ ಮೊದಲು ನನ್ನ ಸ್ವರ ಒಂದು ಕಡೆ ಉಳೀಬೇಕು."

ಡೊಂಗರಕೇರಿಯ ಸರ್ವೋತ್ತಮನ ಮನೆಗೆ ದುಬೈಯಿಂದ ದೊಡ್ಡದೊಂದು ರೀಲ್ ಯಂತ್ರ ಬಂದಿತ್ತು. ಒಂದೇ ಟೇಪಿನಲ್ಲಿ ಎರಡು ಜಾಡು: ಎಡಕ್ಕೆ ಹಾಡು, ಬಲಕ್ಕೆ ಗಿಟಾರು. ಏಪ್ರಿಲಿನ ಆರು ಮಧ್ಯಾಹ್ನ ಅಲ್ಲಿ ಕೂತು ಹತ್ತು ಹಾಡು ಹಿಡಿದರು. ಸದ್ದು ಬರುತ್ತದೆಂದು ಫ್ಯಾನ್ ನಿಲ್ಲಿಸಿದ್ದರು. ಒಲಿಂಡಾ ಕುತ್ತಿಗೆಗೆ ಟವೆಲ್ ಸುತ್ತಿಕೊಂಡಿದ್ದಳು. ನಾನು ಬಾಗಿಲ ಬಳಿ ಕೂತು ಬೀದಿಯ ತರಕಾರಿಯವನನ್ನು ಮುಂದಕ್ಕೆ ಕಳಿಸುವ ಕೆಲಸ ಮಾಡಿದೆ.

"ಬಾಯಿ, ನೀವು ಒಳಗಿನ ಕೋಣೆಯಲ್ಲಿ ನಿಂತು ಹಾಡಿ," ಎಂದ ಸರ್ವೋತ್ತಮ. "ನಿಮ್ಮ ಸ್ವರ ನನ್ನ ಗಿಟಾರಿನ ಮೈಕಿಗೂ ಬರ್ತದೆ."

"ನಿನ್ನ ಕೈ ಕಾಣದಿದ್ರೆ ನಾನು ಹಾರುವುದು ಹೇಗೆ ಮಾರಾಯ? ಗೋಡೆ ನೋಡಿಕೊಂಡು ಕೂತಿರ್ಲಿಕ್ಕೆ ನಾನೆಂತ ಹಲ್ಲಿಯಾ?"

ಅವನೂ ನಕ್ಕ. ಅವಳು ಅವನ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಹಾಡಿದಳು.

ಕ್ಯಾಸೆಟ್ಟಿನ ಒಳಚೀಟಿಗೆ ಅವಳ ಬಗ್ಗೆ ಎಂಟು ಸಾಲು ಬರೆದುಕೊಟ್ಟವಳು ನಾನು. ಆಮೇಲೆ ಎಂಟು ತಿಂಗಳು ಸರ್ವೋತ್ತಮ "ಬರ್ತದೆ ಬಾಯಿ, ಬರ್ತದೆ" ಎನ್ನುತ್ತಲೇ ಇದ್ದ.

ಮರುವರ್ಷ ಜನವರಿಯಲ್ಲಿ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರದ ರಹ್ಮತನ ಕ್ಯಾಸೆಟ್ ಅಂಗಡಿಯ ಮುಂದೆ ಹೋಗುತ್ತಿದ್ದೆವು. ಅವನೇ ಕರೆದ. "ಬಾಯಿ, ನಿಮ್ಮ ಸರ್ವೋತ್ತಮರ ಕ್ಯಾಸೆಟ್ ಬಂತಲ್ಲ! ನಿಮಗೆ ಗೊತ್ತಿಲ್ವಾ?"

ಒಂದೇ ಸ್ಪೀಕರಿನ ಹಳೇ ಪ್ಲೇಯರಿಗೆ ಹಾಕಿದ. ಗಿಟಾರು ಶುರುವಾಯಿತು. ಒಲಿಂಡಾ ನನ್ನ ಮಣಿಕಟ್ಟು ಹಿಡಿದಳು. ಆಮೇಲೆ ಹಾಡು ಬಂತು. ಅದು ಬೇರೆ ಯಾರದೋ ಸ್ವರ. ಎಳೆಯದು, ಕಾನ್ವೆಂಟಿನ ಸ್ವಚ್ಛ ಇಂಗ್ಲಿಷು. ಗಿಟಾರು ಹಾರುವ ಕಡೆ ಆ ಹುಡುಗಿ ಒಂದು ಗಳಿಗೆ ಎಡವಿದಳು, ಮತ್ತೆ ಸೇರಿಕೊಂಡಳು. ಹೊದಿಕೆಯ ಮೇಲೆ ಆಶಾಲತಾ ಎಂಬ ಹೆಸರು, ಫೋಟೋ. ಒಳಚೀಟಿಯಲ್ಲಿ ನನ್ನ ಎಂಟು ಸಾಲು ಹಾಗೆಯೇ ಇದ್ದವು. ಒಲಿಂಡಾ ಎಂದಿದ್ದಲ್ಲಿ ಆಶಾಲತಾ ಎಂದಿತ್ತು.

ರಹ್ಮತನಿಗೆ ನಮ್ಮ ಮುಖ ಅರ್ಥವಾಗಲಿಲ್ಲ. "ಹಿಡಿಸ್ಲಿಲ್ವಾ ಬಾಯಿ? ತೊಂದರೆ ಇಲ್ಲ. ಖಾಲಿ ಕ್ಯಾಸೆಟ್ಟಿಗೆ ಮನೆಯಲ್ಲೇ ಇಳಿಸಿದ್ದು, ಬೆನ್ನಿನ ಎರಡು ಪ್ಲಾಸ್ಟಿಕ್ ತುಂಡು ಮುರಿದಿಲ್ಲ ನೋಡಿ. ಅದು ಇದ್ರೆ ಇದರ ಮೇಲೆಯೇ ಬೇರೆ ಎಂತ ಬೇಕಾದ್ರೂ ತುಂಬಿಸಿ ಕೊಡ್ತೇನೆ. ಮುರಿದ್ರೆ ಮಾತ್ರ ಮತ್ತೆ ಎಂತದೂ ತುಂಬಿಸ್ಲಿಕ್ಕೆ ಆಗುವುದಿಲ್ಲ."

ಅಲ್ಲಿಂದ ನೇರ ಡೊಂಗರಕೇರಿಗೆ ನಡೆದೆವು.

"ನಿಮಗೆ ಹೇಳಬೇಕೂಂತ ಇದ್ದೆ ಬಾಯಿ," ಎಂದ ಸರ್ವೋತ್ತಮ.

"ಯಾವಾಗ? ನನ್ನನ್ನು ಮಣ್ಣು ಮಾಡಿದ ಮೇಲಾ?"

"ಕ್ಯಾಸೆಟ್ ಮಾರುವವರು ಕೇಳ್ಲಿಲ್ಲ. ಮುದುಕಿಯ ಸ್ವರ, ಇಂಗ್ಲಿಷಿನಲ್ಲಿ ಕೊಂಕಣಿ ವಾಸನೆ ಅಂತ ಹೇಳಿದ್ರು. ನಾನು ಎಷ್ಟು ವರ್ಷ ಮದುವೆಮನೆಯಲ್ಲಿ ಬಾರಿಸುವುದು, ನೀವೇ ಹೇಳಿ."

ಅವಳು ಬೈಯಲಿಲ್ಲ. "ಇರ್ಲಿ. ನನ್ನ ಸ್ವರ ಎಲ್ಲುಂಟು? ಅದನ್ನು ಕೊಡು."

ಅವನು ಯಂತ್ರದ ಕಡೆ ನೋಡಿದ. "ಎಡ ಜಾಡಿನಲ್ಲಿ ಅದರ ಮೇಲೆಯೇ ಹುಡುಗಿಯದ್ದು ಹಿಡಿದದ್ದು. ನಿಮ್ಮದು ಅಳಿಸಿಹೋಯ್ತು. ಬೇರೆ ರೀಲ್ ಇರ್ಲಿಲ್ಲ."

ಅವಳ ಟವೆಲ್ ಅಲ್ಲೇ ಮೊಳೆಯಲ್ಲಿ ನೇತಾಡುತ್ತಿತ್ತು. ಯಂತ್ರದ ಧೂಳು ಒರೆಸಿ ಕಪ್ಪಾಗಿತ್ತು. ಅದನ್ನು ತೆಗೆದು ಮಡಚಿ ಚೀಲದಲ್ಲಿ ಹಾಕಿಕೊಂಡು ಹೊರಬಂದಳು.

ಬಸ್ಸಿನಲ್ಲಿ ಕೇಳಿದಳು. "ಶಶಿ, ನಿಂಗೆ ಗೊತ್ತಿತ್ತಾ?"

"ಇಲ್ಲ ಮಾರಾಯ್ತಿ. ದೇವರಾಣೆ."

ಅವಳು ತಲೆಯಾಡಿಸಿದಳು. ಆದರೆ ಎರಡು ಸ್ಟಾಪು ದಾಟುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದ ಗೆಳತಿಯನ್ನು ಹಾಗೆ ನೋಡಬೇಕಾದ ಗತಿ ಅವಳಿಗೆ ಬಂತು. ಉಳಿದದ್ದನ್ನೆಲ್ಲ ಒಂದು ದಿನ ಮರೆತೇನು, ಆ ಎರಡು ಸ್ಟಾಪುಗಳಿಗಾಗಿ ಸರ್ವೋತ್ತಮನನ್ನು ಕ್ಷಮಿಸಲು ನನ್ನಿಂದಾಗದು.

ಮತ್ತೊಮ್ಮೆ ಹಾಡಿ ಹಿಡಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಆ ವರ್ಷವೇ ಉಬ್ಬಸ ಜೋರಾಯಿತು. ಎರಡು ಸಾಲಿಗೆ ಉಸಿರು ಮುಗಿಯುತ್ತಿತ್ತು. ರಹ್ಮತನ ಅಂಗಡಿಯಿಂದ ಆವತ್ತು ಕೈಯಲ್ಲೇ ಬಂದ ಕ್ಯಾಸೆಟ್ಟನ್ನು ನಾನು ಅವಳ ಕಪಾಟಿನಲ್ಲಿ ಸೀರೆಗಳ ಅಡಿಗೆ ತಳ್ಳಿದ್ದೆ. ಎರಡೂವರೆ ವರ್ಷ ಅದರ ಮಾತೆತ್ತಲಿಲ್ಲ ಅವಳು.

ಕಳೆದ ಸೋಮವಾರ ಸಂಜೆ ಗಂಜಿ ಕುಡಿಸಲು ಹೋದಾಗ ದಿಂಬಿಗೆ ಒರಗಿ ಕೂತಿದ್ದಳು.

"ಅದನ್ನು ತಾ ಶಶಿ. ಆ ಹುಡುಗಿಯದ್ದು."

"ಎಂತಕ್ಕೆ ಈಗ?"

"ತಾ ಹೇಳಿದೆನಲ್ಲ. ಬೆಳಿಗ್ಗೆಯಿಂದ ಒಂದು ನೆನಪಾಗ್ತಾ ಉಂಟು. ನನ್ನ ಸ್ವರ ಅವನ ಮೈಕಿಗೂ ಬರ್ತದೇಂತ ಬಯ್ತಿದ್ದನಲ್ಲ ಅವನು?"

ತಮ್ಮ ತಂದುಕೊಟ್ಟ ಎರಡು ಸ್ಪೀಕರಿನ ಸ್ಟೀರಿಯೋ ಮಂಚದ ಪಕ್ಕದಲ್ಲೇ ಇತ್ತು. ಹಾಕಿದೆ. ಎಡ ಸ್ಪೀಕರಿನಲ್ಲಿ ಹುಡುಗಿ, ಬಲದಲ್ಲಿ ಗಿಟಾರು. ಒಲಿಂಡಾ ಕೈ ಚಾಚಿ, ಎಡ-ಬಲ ಸ್ಪೀಕರುಗಳ ಸದ್ದು ಹೊಂದಿಸುವ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಎಡ ಸ್ಪೀಕರು ಸತ್ತಿತು. ಹುಡುಗಿ ಹೋದಳು. ಗಿಟಾರು ಮಾತ್ರ ಉಳಿಯಿತು. ಅದರ ಹಿಂದೆ, ಪಕ್ಕದ ಮನೆಯಲ್ಲಿ ಯಾರೋ ಹಾಡುತ್ತಿರುವ ಹಾಗೆ, ಸಣ್ಣಕ್ಕೆ, ಒಲಿಂಡಾ.

ಮುಳ್ಳು ಹಾರುವ ಕಡೆ ಬಂತು. ಗಿಟಾರು ಹಾರಿತು, ಆ ಸ್ವರವೂ ಎಡವದೆ ಜೊತೆಗೇ ಹಾರಿತು.

ಆ ಬದಿ ಮುಗಿಯುವವರೆಗೆ ಕೇಳಿದಳು. ಗಂಜಿ ಆರಿತು. ಆಮೇಲೆ ಕ್ಯಾಸೆಟ್ಟನ್ನು ಹೊರಗೆ ತೆಗೆಸಿ ಕೈಯಲ್ಲಿ ಇಟ್ಟುಕೊಂಡಳು. ತಲೆಯಿಂದ ಹೇರ್‌ಪಿನ್ ತೆಗೆದು, ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಒಂದಾದ ಮೇಲೊಂದು ಮುರಿದಳು.